ಬಂಡಿ ನಮಗ, ಎತ್ತು ಅವರಿಗೆ

ನಮ್ಮ ಅಂಗಳದಾಗ ಒಂದು ಬಂಡಿ ಇತ್ತು. ದಿನಾ ಮುಂಜಾನೆ ನಾನೂ ನನ್ನ ಗಂಡನೂ ಅದನ್ನ ಕೈಲೆ ದಬ್ಬಿ ಗ್ವಾಡಿಗೆ ಹಚ್ಚತಿದ್ವಿ, ಸಂಜಿಗೆ ಕೈಲೆ ಜಗ್ಗಿ ನಡು ಅಂಗಳಕ್ಕ ತರತಿದ್ವಿ. ಮನ್ಯಾಗ ಎತ್ತು ಇರಲಿಲ್ಲಂತಲ್ಲ. ಅದೇ ಅಂಗಳದ ಹಿಂದಿನ ಕೊಟಗಿಯೊಳಗ ಎರಡು ಬಿಳಿ ಎತ್ತು ಮೆಲಕು ಹಾಕ್ಕೋತ ನಮ್ಮ ಹೈರಾಣ ನೋಡತಿದ್ವು. ಆದ್ರ ಎತ್ತು ನಮ್ಮ ಭಾವನವು, ಬಂಡಿ ನಮ್ಮದು. ಇದನ್ನ ಹೇಳಿದ್ರ ಮಂದಿ ನಗತಾರ. ನನಗ ಈಗ್ಲೂ ಹೊಟ್ಟಿ ಉರೀತದ.

ನಾವು ಅಕ್ಕ ತಂಗಿ ಚಿಂಚೋಳಿ ಕಡಿಯವರು. ಅಕ್ಕನ್ನ ಮೊದಲು ಸೇಡಂನ ಈ ಮನಿಗೆ ಕೊಟ್ರು, ಆಮ್ಯಾಲ ಆಕಿ ಮೈದುನಗ ನನ್ನ ಕೊಟ್ರು. ಇಬ್ಬರೂ ಒಂದೇ ಮನ್ಯಾಗ ಇದ್ರ ಒಬ್ಬರಿಗೊಬ್ಬರು ಆಸರ ಆಗತಾರಂತ ನಮ್ಮವ್ವ ಹಟ ಹಿಡದು ಮಾಡಿದ ಸಂಬಂಧ ಅದು. ನನ್ನ ಲಗ್ನಕ್ಕ ಮೊದಲು ಅಕ್ಕನ ಗಂಡಗ ನಾ ಮಾಮಾ ಅಂತಿದ್ದೆ. ಅವರು ಚಿಂಚೋಳಿಗೆ ಬಂದ್ರ ಚಪ್ಪಲಿ ಮುಚ್ಚಿಡತಿದ್ದೆ, ಚಹಾದಾಗ ಉಪ್ಪು ಹಾಕತಿದ್ದೆ, ಅವರೂ ನಗತಿದ್ರು. ಲಗ್ನ ಆದ ದಿನದಿಂದ ಎಲ್ಲಾ ಬಂದ್. ಗಂಡನ ಅಣ್ಣ ಅಂದ್ರ ಭಾವ, ಭಾವನ ಎದುರಿಗೆ ತಮ್ಮನ ಹೆಂಡತಿ ಮಾರಿ ಮ್ಯಾಲ ಸೆರಗು ಎಳಕೊಂಡು ಸರದು ನಿಂದರಬೇಕು, ಬಾಯಿ ಬಿಡಬಾರದು. ಅದು ಆ ಮನಿ ರಿವಾಜು. ಅವತ್ತಿನಿಂದ ಆ ಮನಷ್ಯಾನ ಜೋಡಿ ನಾ ಒಂದು ಮಾತು ಆಡಿರಲಿಲ್ಲ.

ನಮ್ಮ ಮಾವ ತೀರಿಕೊಂಡ ಮ್ಯಾಲ ಅಣ್ಣ ತಮ್ಮ ಬ್ಯಾರೆ ಆದ್ರು. ಆಗ ನಿಜಾಮರ ಆಳಿಕಿ ಮುಗದಿತ್ತು, ಆದ್ರ ನಾವಿನ್ನೂ ಹೈದರಾಬಾದಿಗೇ ಸೇರಿದ್ವಿ, ಕಚೇರಿ ಕಾಗದ ಎಲ್ಲಾ ಉರ್ದೂದಾಗೇ ಬರತಿದ್ವು. ಕಚೇರಿಗೆ ಹೋಗೂದು ಬ್ಯಾಡಂತ ಊರಾನ ಹಿರಿಯರೇ ಕೂತು ಪಾಲು ಮಾಡಿದ್ರು. ಹೊಲ, ಮನಿ ಅರ್ಧಾ ಅರ್ಧಾ ಆತು. ಬಂಡಿ ಒಂದೇ, ಎತ್ತಿನ ಜೋಡಿ ಒಂದೇ. ಅದರಾಗ ಒಬ್ಬ ಶಾಣ್ಯಾ ಹಿರಿಯ ಮೀಸಿ ತಿರುವಿ, "ಬಂಡಿ ತಮ್ಮಗ, ಎತ್ತು ಅಣ್ಣಗ ಕೊಡ್ರಿ. ಒಬ್ಬರನ್ನ ಬಿಟ್ಟು ಒಬ್ಬರಿಗೆ ನಡೀಬಾರದು, ಹಂಗರ ಕೂಡಿ ಇರತಾರ" ಅಂದ. ಎಲ್ಲಾರೂ ಭೇಷ್ ಅಂತ ಗೋಣು ಹಾಕಿದ್ರು. ಅಣ್ಣತಮ್ಮರ ಜಿದ್ದು ಎಂಥಾದು ಅಂತ ಆ ಶಾಣ್ಯಾಗ ಗೊತ್ತಿರಲಿಲ್ಲ. ಭಾವ ಬ್ಯಾರೆಯವರ ಬಂಡಿ ಬಾಡಿಗಿ ಹಿಡದ್ರು. ನನ್ನ ಗಂಡ ಬ್ಯಾರೆಯವರ ಎತ್ತು ಸಿಕ್ಕ ದಿನ ಕೇಳಿ ತಂದು ಖಣಿಯಿಂದ ನೆಲಕ್ಕ ಹಾಸೂ ಪರಸಿ ಕಲ್ಲು ಹೇರಲಿಕ್ಕೆ ಶುರು ಮಾಡಿದ. ಒಂದೇ ಅಂಗಳದಾಗ ಎತ್ತು ಅತ್ತ, ಬಂಡಿ ಇತ್ತ.

ನಮ್ಮ ಅಂಗಳ ಹೊರಗಿನ ದೊಡ್ಡ ಬಾಗಲದ ಕಡಿಗೆ ಇಳಕಲು. ನಡು ಅಂಗಳದಾಗ ಬಂಡಿ ಇದ್ರ ಎತ್ತು ಹೊರಗ ಹೋಗಲಿಕ್ಕೆ ಸಂದು ಸಾಲೂದಿಲ್ಲ ಅಂತ ಭಾವ ಮುಂಜಾನೆ ಚೀರತಿದ್ರು. ಸರಿಸಿ ಗ್ವಾಡಿಗೆ ಹಚ್ಚಿದ್ರ, ಆ ಗ್ವಾಡಿ ನನ್ನ ಪಾಲಿಂದು ಅಂತ ಸಂಜಿಗೆ ಚೀರತಿದ್ರು. ಹಿಂಗಾಗಿ ದಿನಕ್ಕ ಎರಡು ಸಲ ನಮಗ ಈ ಕೆಲಸ. ನನ್ನ ಗಂಡ ಮುಂದ ನೊಗ ಕಟ್ಟೂ ಉದ್ದನ ಕಟಗಿ, ಮೂಕಿ, ಎತ್ತಿ ಹಿಡಿತಿದ್ದ, ನಾ ಗಾಲಿ ಕಡಿಗೆ. ಖಾಲಿ ಬಂಡಿ ದಬ್ಬೂದಂದ್ರ ಹಲಗಿಗೆ ಎದಿ ಹಚ್ಚಿ ದಬ್ಬೂದಲ್ಲ. ಗಾಲಿ ಒಳಗಿನ ಕಟಗಿ ಅರಿಗಳಾಗ ಮ್ಯಾಲಿಂದು ಹಿಡದು ಕೆಳಗ ಜಗ್ಗಬೇಕು, ಆಗ ಅದು ಮಾತು ಕೇಳತದ. ನಿಂತಲ್ಲೆ ಗಾಲಿ ಕೆಳಗ ಕಲ್ಲು ಕೊಡಬೇಕು. ಇಳಕಲಿನ ಕಡಿಗೆ ಗಾಲಿ ಮುಂದ ಯಾರೂ ನಿಂದರಬಾರದು. ಕಲ್ಲು ಕೊಡೂ ಕೆಲಸ ನಂದು. ನನ್ನ ಅಂಗೈ ನೋಡಿದ್ರ ಸೊಸಿ ಕೈ ಅಂತಿರಲಿಲ್ಲ ಯಾರೂ.

ದಬ್ಬೂದು ನನಗ ತ್ರಾಸ ಅಲ್ಲ. ತ್ರಾಸ ಅಂದ್ರ ಅವರಿಬ್ಬರ ಬಾಯಿ. ಭಾವ ಕಟ್ಟಿ ಮ್ಯಾಲ ಕೂತು, "ಎತ್ತಿಲ್ಲದವ ಎತ್ತಾಗ್ಯಾನ ನೋಡ್ರಿ" ಅಂತ ಹಾದಿಲೆ ಹೋಗವರಿಗೆ ಕರದು ತೋರಸತಿದ್ರು. ನನ್ನ ಗಂಡ ಸಿಟ್ಟಿನ ಮನಷ್ಯಾ. ಒಂದಿನ ಮೂಕಿ ಒಗದು ಹೋಗಿ ಅಣ್ಣನ ಕೊಳ್ಳಪಟ್ಟಿ ಹಿಡದು ಗ್ವಾಡಿಗೆ ತಲಿ ಬಡದ. ಇನ್ನೊಂದಿನ ಭಾವ ಬಾರಕೋಲಿಲೆ ಇವನ ಬೆನ್ನ ಮ್ಯಾಲ ಬಾಸುಂಡಿ ಏಳಸಿದ್ರು. ಆಮ್ಯಾಲ ಭಾವ ಅಕ್ಕಗ ಹುಕುಂ ಮಾಡಿದ್ರು, ತಂಗಿ ಜೋಡಿ ಮಾತಾಡಿದ್ರ ತವರಿಗೆ ಅಟ್ಟತೀನಿ, ಮತ್ತ ಕರಕೊಳ್ಳೂದಿಲ್ಲ ಅಂತ. ನನ್ನ ಗಂಡನೂ ಅದೇ ಮಾತು ನನಗಂದ. ಬಂಡಿ ಹಾಳಾಗಲಿ, ಎತ್ತು ಹಾಳಾಗಲಿ, ಈ ಊರಾಗ ನನಗ ಇದ್ದದ್ದು ನಮ್ಮಕ್ಕ ಒಬ್ಬಾಕೆ. ಆಕೀನ ಕಳಕೊಂಡ್ರ ನಾ ಇಲ್ಲಿ ಯಾರ ಸಲುವಾಗಿ ಇರಬೇಕು ಅನ್ನೂದೇ ನನ್ನ ಚಿಂತಿ ಆಗಿತ್ತು.

ನಮ್ಮ ಕಡಿಗೆ ಸೋಮವಾರ ಎತ್ತು ಹೂಡೂದಿಲ್ಲ. ಎತ್ತು ಅಂದ್ರ ಬಸವಣ್ಣ, ಸೋಮವಾರ ಅವನ ದಿನ. ಮೈ ತೊಳದು, ಕೋಡಿಗೆ ಎಣ್ಣಿ ಹಚ್ಚಿ, ವಿಭೂತಿ ಇಟ್ಟು ಕೈ ಮುಗೀತಾರ. ಎತ್ತು ಹೊರಗ ಹೋಗೂದಿಲ್ಲಂದ್ರ ಬಂಡಿ ಸರಸೂ ಕೆಲಸನೂ ಇಲ್ಲ, ಜಗಳನೂ ಇಲ್ಲ. ಅಣ್ಣ ತಮ್ಮ ಇಬ್ಬರೂ ಬ್ಯಾರೆ ಬ್ಯಾರೆ ಹಾದಿ ಹಿಡದು ಒಂದೇ ಗುಡಿಗೆ ಹೋಗತಿದ್ರು. ಅವರು ಹೊಂಟ ಕೂಡಲೇ ನಾನೂ ಅಕ್ಕನೂ ಬಂಡಿ ಕೆಳಗ ತೂರತಿದ್ವಿ. ಅಲ್ಲಿ ನೆರಳಿತ್ತು, ಹಾದ್ಯಾಗಿನ ಮಂದಿಗೆ ಕಾಣತಿರಲಿಲ್ಲ, ಆ ಜಾಗಾ ಯಾರ ಪಾಲಿಗೂ ಬಂದಿರಲಿಲ್ಲ. ಆಕಿ ನನ್ನ ತಲಿ ಬಾಚತಿದ್ಲು, ನಾ ಆಕೀದು. ತವರಿನ ಮಾತು ಆಡಿ ನಗತಿದ್ವಿ. ಸೋಮವಾರ ಅಂದ್ರ ನನಗ ಹಬ್ಬ ಇದ್ದಂಗ.

ಆ ಸೋಮವಾರ ಬಂಡಿ ಖಾಲಿ ಇರಲಿಲ್ಲ. ಐತವಾರ ಸಂಜಿಗೆ ನನ್ನ ಗಂಡ ಪರಸಿ ಕಲ್ಲು ಹೇರಿ ತಂದು ನಡು ಅಂಗಳದಾಗ ನಿಂದರಿಸಿ, ಮೂಕಿಗೆ ಊರುಗೋಲು ಕೊಟ್ಟು, ಕೇಳಿ ತಂದ ಎತ್ತು ಅವರ ಮನಿಗೆ ಮುಟ್ಟಿಸಿ ಬಂದಿದ್ದ. ಮಂಗಳವಾರ ಹೊಡಕೊಂಡು ಹೋಗೂ ಮಾಲು. ಗಾಲಿ ಕೆಳಗ ನಾನೇ ದೊಡ್ಡ ಕಲ್ಲು ಕೊಟ್ಟಿದ್ದೆ. ಅಕ್ಕ ಗಾಲಿ ಮುಂದಿನ ನೆರಳಿಗೆ ಕಾಲು ಚಾಚಿ ಕೂತಿದ್ಲು, ನಾ ಆಕಿ ಬೆನ್ನ ಹಿಂದ. ಅರ್ಧಾ ಹೆಳಲು ಹೆಣದಿದ್ದೆ. ಅಷ್ಟರಾಗ ಭಾವ ಗುಡಿಯಿಂದ ಲಗೂನ ಬಂದ್ರು.

ನಮ್ಮನ್ನ ನೋಡಿದ್ದೇ ಅವರ ಮಾರಿ ಕೆಂಪಾತು. ಅಕ್ಕಗ ಏನೂ ಅನಲಿಲ್ಲ. "ಈ ಬಂಡಿ ಇವತ್ತೇ ಇಲ್ಲಿಂದ ಹೋಗಬೇಕು, ಇದೇ ಎಲ್ಲಾಕ್ಕೂ ಮೂಲ" ಅಂತ ಮೂಕಿಗೆ ಕೈ ಹಾಕಿದ್ರು. ಹಿಂದಿಂದೇ ನನ್ನ ಗಂಡ ಬಂದ. "ಸೋಮವಾರ ಯಾಕ ಸರಸಬೇಕು? ಕೈ ತಗಿ" ಅಂದ. ಒಬ್ಬ ಮೂಕಿ ಅತ್ತ ಜಗ್ಗಿದ, ಒಬ್ಬ ಇತ್ತ ಜಗ್ಗಿದ. ನನ್ನ ಗಂಡ ಅಣ್ಣನ ಬಾಯಿಗೆ ಗುದ್ದಿದ, ಹಲ್ಲು ಒಡದು ರಕ್ತ ಬಂತು. ಭಾವ ಆ ರಕ್ತ ಉಗುಳಿ, ಎಲ್ಲಾ ಸಿಟ್ಟು ಕಾಲಾಗ ತಂದು ನಾ ಕೊಟ್ಟ ಕಲ್ಲನ್ನ ಒದ್ದರು. ಊರುಗೋಲು ಮುರೀತು, ಬಂಡಿ ಇಳಕಲಿಗೆ ಉರುಳಿತು. ನಾ ಅಕ್ಕನ ರಟ್ಟಿ ಹಿಡದು ಜಗ್ಗಿದೆ. ಆಕಿ ಮೈ ಬಂತು, ಕಾಲು ಬರಲಿಲ್ಲ. ಕಲ್ಲು ಹೇರಿದ ಬಂಡಿ ಅಕ್ಕನ ಮೊಣಕಾಲ ಕೆಳಗಿನ ಕಾಲ ಮ್ಯಾಲ ಹಾದು, ಹೊರಗಿನ ಬಾಗಲಕ್ಕ ಬಡದು ನಿಂತಿತು.

ಎಲುಬು ಮುರಿದ ಸಪ್ಪಳ ನಾ ಕೇಳೀನಿ. ಅದನ್ನ ಮತ್ತ ವರ್ಣಿಸಲಿಕ್ಕೆ ನನಗ ಮನಸಿಲ್ಲ. ಅಕ್ಕ ಚೀರಲಿಲ್ಲ, ನನ್ನ ಕೈ ಕಚ್ಚಿದ್ಲು. ಆ ಹಲ್ಲಿನ ಗುರುತು ಈಗ್ಲೂ ಅದ.

ಸೇಡಂನಾಗ ಆ ಕಾಲಿಗೆ ಔಷಧ ಇರಲಿಲ್ಲ. ಶಹಾಬಾದಿನ ದವಾಖಾನಿಗೆ ಒಯ್ಯಬೇಕು, ಅದಕ್ಕ ಮಧ್ಯಾಹ್ನದ ರೈಲು ಗಾಡಿ ಹಿಡೀಬೇಕು, ಠೇಸನ್ ಊರ ಹೊರಗ. ಹಗ್ಗ ಹೆಣದ ಹೊರಸಿನ ಮ್ಯಾಲ ಹೊರಲಿಕ್ಕೆ ಎತ್ತಿದ್ರ ಜೋತಾಡಿದ ಕಾಲಿಗೆ ಆಕಿ ಪ್ರಜ್ಞಾ ತಪ್ಪಿದ್ಲು. ಟಾಂಗಾದವ ಸವಾರಿ ಮ್ಯಾಲ ಬ್ಯಾರೆ ಊರಿಗೆ ಹೋಗಿದ್ದ. ನನ್ನ ಗಂಡ ಹುಚ್ಚನಂಗ ಕಲ್ಲು ಕೆಳಗ ಒಗೀಲಿಕತ್ತಿದ. ಪರಸಿ ಬಿದ್ದು ಒಡದು ಚೂರು ಹಾರಿ ಅವನ ಕಾಲಾಗ ರಕ್ತ ಸುರೀತು. ಬಂಡಿ ಖಾಲಿ ಮಾಡಿ, ಹೊಟ್ಟು ಹಾಸಿ, ಕೌದಿ ಹಾಸಿ, ಅಕ್ಕನ್ನ ಮಲಗಿಸಿದ್ವಿ. ಅವ ಕೊಟಗಿ ಕಡಿಗೆ ಓಡಿದ, ಎತ್ತು ಬಿಚ್ಚಲಿಕ್ಕೆ.

ಭಾವ ಕೊಡಲಿ ಹಿಡಕೊಂಡು ಕೊಟಗಿ ಬಾಗಲದಾಗ ನಿಂತಿದ್ರು. ಮಾರಿ ಬಿಳಚಿತ್ತು, ಗದ್ದದ ಮ್ಯಾಲ ರಕ್ತ ಹೆಪ್ಪುಗಟ್ಟಿತ್ತು. "ಇವತ್ತ ಸೋಮವಾರ. ಎತ್ತು ಹೊರಗ ಬರೂದಿಲ್ಲ" ಅಂದ್ರು.

"ಆಕಿ ಸಾಯಲಿಕತ್ಯಾಳ" ಅಂದ ನನ್ನ ಗಂಡ.

"ಹೂಡಿದ್ರ ಖರೇನೇ ಸಾಯತಾಳ" ಅಂದ್ರು ಭಾವ. ಕೊಡಲಿ ಎದಿಗೆ ಅವಚಿಕೊಂಡ್ರು.

ಅವರು ಕಟುಕರಲ್ಲ, ಅದು ಆಗ ನನಗ ತಿಳೀತು. ಹೆಂಡತಿ ಕಾಲ ಮ್ಯಾಲ ಬಂಡಿ ಹಾಯಿಸಿದ ಮನಷ್ಯಾ ಬಸವಣ್ಣನ ಸಿಟ್ಟನ್ನೂ ಕಟಗೊಂಡ್ರ ಇನ್ನೇನು ಉಳೀತದ ಅಂತ ಹೆದರಿದ್ರು. ಆದ್ರ ಅವರ ಅಂಜಿಕಿ ಕೇಳಕೋತ ಕುಂದ್ರಲಿಕ್ಕೆ ನನಗ ಪುರುಸೊತ್ತು ಇರಲಿಲ್ಲ. ನನ್ನ ಗಂಡ ಮೈ ಮ್ಯಾಲ ಬಿದ್ದ. ಕೊಡಲಿ ಅವನ ಭುಜ ಸವರಿ ಹೋತು. ಇಬ್ಬರೂ ಸಗಣ್ಯಾಗ ಉರುಳಾಡಿದ್ರು, ಒಬ್ಬರ ಕುತ್ತಿಗಿ ಒಬ್ಬರು ಹಿಡದ್ರು. ಬಾಗಲದಾಗ ಮಂದಿ ನೆರದಿತ್ತು, ಬಿಡಸವರು ಯಾರೂ ಇಲ್ಲ. ಇವರು ಹಿಂಗ ಹೊಡದಾಡಿ ಮುಗಿಸೂದರಾಗ ಅಕ್ಕ ತಣ್ಣಗ ಆಗತಾಳ ಅನಿಸಿತು ನನಗ.

ಭಾವನ ಬಾರಕೋಲು ಗೂಟಕ್ಕ ಜೋತಿತ್ತು. ಎಳಕೊಂಡು ಇಬ್ಬರ ಮ್ಯಾಲನೂ ಬೀಸಿದೆ. ಯಾರಿಗೆ ಎಷ್ಟು ಬಿತ್ತೋ ನೋಡಲಿಲ್ಲ. ಅವರು ಬಿಟ್ಟು ಎದ್ದು ಕೂತಾಗ ನನ್ನ ಸೆರಗು ಹೆಗಲಿಂದ ಜಾರಿತ್ತು, ತಲಿ ಬರಿದಾಗಿತ್ತು. ಭಾವನ ಮಾರಿಗೆ ಮಾರಿ ಕೊಟ್ಟು ನಿಂತೆ.

"ಮಾಮಾ," ಅಂದೆ. "ಸೋಮವಾರ ಎತ್ತಿಗೆ. ನಿಮಗಿಲ್ಲ. ಕುತ್ತಿಗಿ ಕೊಡ್ರಿ."

ಲಗ್ನ ಆದಮ್ಯಾಲ ನಾ ಅವರ ಜೋಡಿ ಆಡಿದ ಮೊದಲನೇ ಮಾತು ಅದು. ಅವರು ಎದ್ದು ಹೋಗಿ ಬಂಡಿ ಮುಂದ ಬಗ್ಗಿ ನೊಗದ ಎಡಕ್ಕ ಹೆಗಲು ಕೊಟ್ರು. ನನ್ನ ಗಂಡ ಬಲಕ್ಕ ಹೋದ. ಎಷ್ಟೋ ದಿನ ಆಗಿತ್ತು ಅವರಿಬ್ಬರು ಒಂದು ಕೆಲಸಕ್ಕ ಕೈ ಹಚ್ಚಿ.

ನನ್ನ ಗಂಡ ಎತ್ತರ, ಭಾವ ಗಿಡ್ಡ. ನೊಗ ಓರಿಯಾಗಿ ಭಾವನ ಹೆಗಲಿನ ತೊಗಲು ಸುಲೀತು. ಪ್ಯಾಟಿ ಹಾದ್ಯಾಗ ಅಂಗಡಿಯವರು ಎದ್ದು ನಿಂತ್ರು. ಯಾರೋ ನಕ್ಕರು, ಯಾರೋ "ಶಿವ ಶಿವ" ಅಂದ್ರು. ಒಂದಿಬ್ಬರು ಹಿಂದ ಬಂದು ಹಲಗಿಗೆ ಕೈ ಕೊಟ್ರು. ಇವರಿಬ್ಬರು ಮಾತ್ರ ಜಗ್ಗಕೋತನೂ ಬೈದಾಡತಿದ್ರು. "ಕಲ್ಲು ಒದ್ದವ ನೀನು." "ಬಾಯಿ ಒಡದವ ನೀನು." ಠೇಸನ್ ಹತ್ತರ ಏರು ಬಂತು. ಭಾವ ಮೊಣಕಾಲೂರಿ ಕುಸದ್ರು, ಗಾಲಿ ಹಿಂದ ಸರೀತು, ಅಕ್ಕ ನರಳಿದ್ಲು. ನಾ ಬಾರಕೋಲು ಎತ್ತಿ ಭಾವನ ಬೆನ್ನಿಗೆ ಹೊಡದೆ. ಸುಳ್ಳ್ಯಾಕ ಹೇಳಲಿ, ಸಾವಕಾಶ ಹೊಡೀಲಿಲ್ಲ. ಅವರು ಎದ್ರು. ಇವತ್ತಿಗೂ ಅದಕ್ಕ ನಾ ಮಾಫಿ ಕೇಳಿಲ್ಲ, ಅವರೂ ಕೇಳಸಲಿಲ್ಲ.

ಗಾಡಿ ಸಿಕ್ಕಿತು. ಚಿತ್ತಾಪುರ ದಾಟೂತನಕ ಅಕ್ಕಗ ಎಚ್ಚರ ಇರಲಿಲ್ಲ. ವಾಡಿಯೊಳಗ ಗಾಡಿ ಬದಲ ಮಾಡುವಾಗ ಅಣ್ಣ ತಮ್ಮ ಆಕೀನ ಕೌದಿ ಸಮೇತ ಎತ್ತಿದ್ರು, ಒಂದೀಟೂ ಅಲುಗಿಸಲಿಲ್ಲ. ಹಮಾಲನೊಬ್ಬ ಭಾವನ ಹೆಗಲು ನೋಡಿ, "ಏನು ಹೊತ್ರಿ?" ಅಂತ ಕೇಳಿದ. ಅವರು ಕೌದಿ ತುದಿ ಇನ್ನಷ್ಟು ಗಟ್ಟಿ ಹಿಡಕೊಂಡ್ರು. ಶಹಾಬಾದಿನ ಡಾಕ್ಟರು ಜೀವ ಉಳೀತದ ಅಂದ್ರು. ಕಾಲು ಉಳೀಲಿಲ್ಲ. ಮೊಣಕಾಲ ಕೆಳಗ ಕೊಯ್ದರು. ವರಾಂಡದಾಗ ನೆಲದ ಮ್ಯಾಲ ಕೂತು ಭಾವ ಹಣಿ ಹಣಿ ಬಡಕೊಂಡ್ರು. ನನ್ನ ಗಂಡ ಅವರ ಕೈ ಹಿಡದ, ಹಿಡದಾವ ತಾನೇ ಬಿಕ್ಕಿ ಬಿಕ್ಕಿ ಅತ್ತ. ನಾ ದೂರ ಕೂತಿದ್ದೆ. ಸಮಾಧಾನ ಮಾಡಲಿಕ್ಕೆ ಹೋಗಲಿಲ್ಲ. ಇಬ್ಬರ ಮ್ಯಾಲನೂ ನನಗ ಅಷ್ಟು ಸಿಟ್ಟಿತ್ತು.

ಅಕ್ಕ ಮನಿಗೆ ಬಂದ ಮ್ಯಾಲ ಅದೇ ಹಿರಿಯರು ಮತ್ತ ಬಂದ್ರು. ಅವತ್ತೂ ಸೋಮವಾರ. ಅಕ್ಕನ್ನ ಅಂಗಳದಾಗ ಹೊರಸಿನ ಮ್ಯಾಲ ಕುಂದರಿಸಿದ್ವಿ, ಮೋಟ ಕಾಲಿನ ಮ್ಯಾಲ ಕೌದಿ ಹೊಚ್ಚಿತ್ತು. ಬಂಡಿ ನಡು ಅಂಗಳದಾಗೇ ಇತ್ತು. ಸರಸಂತ ಯಾರೂ ಅಂದಿರಲಿಲ್ಲ. ಮೀಸಿ ಹಿರಿಯ ಚಹಾದ ಕಪ್ಪು ಕೈಯಾಗ ಹಿಡದು, "ಆದದ್ದು ಆತು. ಪಾಲು ಹೊಸದಾಗಿ ಮಾಡೂಣು. ಬಂಡಿ, ಎತ್ತು ಎರಡೂ ಒಬ್ಬರಿಗೆ ಇರಲಿ, ಇನ್ನೊಬ್ಬರಿಗೆ ಹೊಲದಾಗ ಹೆಚ್ಚು ಕೊಡೂಣು" ಅಂತ ಶುರು ಮಾಡಿದ. ಭಾವ ನೆಲ ನೋಡತಿದ್ರು. ನನ್ನ ಗಂಡನೂ ನೆಲ ನೋಡತಿದ್ದ.

ಅಕ್ಕ ಹಿರಿಯರ ಎದುರಿಗೆ ಎಂದೂ ಮಾತಾಡಿದಾಕೆ ಅಲ್ಲ. ಕೌದಿ ಸರಿಸಿ ಕಾಲು ಹೊರಗ ಚಾಚಿದ್ಲು.

"ಎತ್ತು ಅವರ ಪಾಲಿಗೆ ಬಂತು, ಬಂಡಿ ಇವರ ಪಾಲಿಗೆ ಬಂತು," ಅಂದ್ಲು. "ಇದು ಯಾರ ಪಾಲಿಗೆ ಅಂತ ಬರಕೋತೀರಿ?"

ಹಿರಿಯ ಕಪ್ಪು ಕೆಳಗಿಟ್ಟ. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ್ರು. ಅಕ್ಕ ನನ್ನ ಕಡಿಗೆ ಹೊಳ್ಳಿ ನೋಡಿದ್ಲು.

"ಅವತ್ತ ಹೆಳಲು ಅರ್ಧಾ ಬಿಟ್ಟಿದ್ದಿ," ಅಂದ್ಲು. "ಹಣಿಗಿ ತಗೊಂಡು ಬಾ."

ಅಣ್ಣ ತಮ್ಮ ಇಬ್ಬರೂ ಎದ್ದು ಹೊರಸಿನ ಒಂದೊಂದು ತುದಿ ಹಿಡದು ಆಕೀನ ಬಂಡಿ ನೆರಳಿಗೆ ಸರಿಸಿದ್ರು. ಭಾವ ಹೋಗಿ ಗಾಲಿ ಕೆಳಗ ಒಂದು ಕಲ್ಲು ಕೊಟ್ರು. ಇನ್ನೊಂದು ತಂದು ಅದರ ಮಗ್ಗಲಿಗೆ ಇಟ್ಟರು. ನಾ ಹಣಿಗಿ ತರಲಿಕ್ಕೆ ಒಳಗ ಹೋದೆ.