ಎರಡನೇ ಯಂತ್ರದ ನೀಲಿ ದೀಪ

ಮನೆಯಲ್ಲಿ ಬಾಗಿಲೊಂದು ತಾನಾಗಿ ಹಾಕಿಕೊಂಡರೆ ನಮ್ಮ ಅತ್ತೆಯವರು ಯಾರೋ ಬಂದುಹೋದರು ಎನ್ನುತ್ತಾರೆ. ನಾನು ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತೇನೆ. ಮಾಣಿಕನಗರದ ರಸ್ತೆಯಲ್ಲಿರುವ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಅತ್ತೆ ಸೊಸೆಯರ ನಡುವೆ ವರ್ಷಗಟ್ಟಲೆ ತಮಾಷೆ ನಡೆದಿದೆ. ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಹಾಡಹಗಲಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದವರಿಗೆ ಕಾರಣ ಹೊಳೆದರೆ ನನಗಿಂತ ಹೆಚ್ಚು ಸಂತೋಷಪಡುವವರು ಬೇರೆ ಇರಲಾರರು.

ಮೊದಲು ನನ್ನ ಕೆಲಸ ಏನೆಂದು ತಿಳಿಸಬೇಕು. ಆಸ್ಪತ್ರೆ, ಸಹಕಾರಿ ಸಂಘ, ಕಾಲೇಜುಗಳಲ್ಲಿ ಎಲ್ಲ ಮಾಹಿತಿಯನ್ನೂ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡ ಕಂಪ್ಯೂಟರು, ಅಂದರೆ ಸರ್ವರು, ಇರುತ್ತದಲ್ಲ, ಅಂಥವನ್ನು ದೂರದಿಂದ ನೋಡಿಕೊಳ್ಳುವುದು ನನ್ನ ಉದ್ಯೋಗ. ಸರ್ವರಿನೊಳಗೆ ಪುಟ್ಟದೊಂದು ಬೇರೆ ಸರ್ಕ್ಯೂಟ್ ಇರುತ್ತದೆ. ಯಂತ್ರವನ್ನು ಆರಿಸಿದರೂ ಕರೆಂಟ್ ಇರುವತನಕ ಅದು ಎಚ್ಚರವಾಗಿಯೇ ಇರುತ್ತದೆ. ಅದರ ಮೂಲಕ ನಾನು ಹುಮನಾಬಾದಿನ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಎಲ್ಲಿಯದೋ ಸರ್ವರನ್ನು ಆರಿಸಬಲ್ಲೆ, ಮತ್ತೆ ಚಾಲೂ ಮಾಡಬಲ್ಲೆ, ಅದರ ಸೆಟ್ಟಿಂಗ್ ಬದಲಿಸಬಲ್ಲೆ, ಡಿಸ್ಕು ಪೂರ್ತಿ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬಲ್ಲೆ. ಈ ಕೆಲಸದಲ್ಲಿ ನನ್ನ ಕೈ ಪಳಗಿದೆ. ಒಂದು ಕಡೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತ ಇನ್ನೊಂದು ಕಡೆ ಯಾವುದೋ ಊರಿನ ಸರ್ವರಿಗೆ ಹೊಸ ಸಿಸ್ಟಂ ಹಾಕಿ ಮುಗಿಸಿದ್ದೂ ಉಂಟು.

ಈ ಯಂತ್ರಗಳ ಮುಂಭಾಗದಲ್ಲಿ ಒಂದು ಸಣ್ಣ ನೀಲಿ ದೀಪವಿರುತ್ತದೆ. ಒಂದೇ ತರಹದ ಯಂತ್ರಗಳು ಸಾಲಾಗಿ ನಿಂತಾಗ ಯಾವುದು ಯಾವುದೆಂದು ಗುರುತು ಹಿಡಿಯಲು ಅದು ಬೇಕು. ಅದನ್ನು ನಾನು ಇಲ್ಲಿಂದ ಹೊತ್ತಿಸಬಹುದು. ಅಲ್ಲಿ ನಿಂತವರು ಗುಂಡಿಯನ್ನು ಬೆರಳಿನಿಂದ ಒತ್ತಿಯೂ ಹೊತ್ತಿಸಬಹುದು. ಯಾರು ಹೊತ್ತಿಸಿದರೂ ಯಂತ್ರ ತನ್ನ ದಿನಚರಿಯಲ್ಲಿ, ಅಂದರೆ ಲಾಗ್‌ನಲ್ಲಿ, ಬರೆದುಕೊಳ್ಳುತ್ತದೆ. ನಾನು ಮಾಡಿದರೆ ನನ್ನ ಹೆಸರು, ಅಲ್ಲಿಯವರು ಮಾಡಿದರೆ ‘ಮುಂಭಾಗದ ಗುಂಡಿ ಒತ್ತಲಾಗಿದೆ’ ಎಂದಷ್ಟೇ.

ಬಸವಕಲ್ಯಾಣದಲ್ಲಿ ಥಲಸ್ಸೇಮಿಯಾ ಇರುವ ಮಕ್ಕಳಿಗೆ ರಕ್ತ ಕೊಡುವ ಚಿಕ್ಕ ಕೇಂದ್ರವೊಂದಿದೆ. ಈ ಮಕ್ಕಳಿಗೆ ತಿಂಗಳು ತಿಂಗಳು ಬೇರೆಯವರ ರಕ್ತ ಏರಿಸಲೇಬೇಕು. ಅಲ್ಲಿಯ ಉಸ್ತುವಾರಿ ರಜಿಯಾ ಬೇಗಂ ಎಂಬ ಹಿರಿಯ ನರ್ಸ್ ಅವರದು. ಕೇಂದ್ರದಲ್ಲಿ ಎರಡು ಸರ್ವರುಗಳಿದ್ದವು. ಮೊದಲನೆಯದರಲ್ಲಿ ಅಷ್ಟೂ ಮಕ್ಕಳ ವರ್ಷಗಳ ದಾಖಲೆ ಇತ್ತು. ಎರಡನೆಯದು ಪರೀಕ್ಷೆಗೆಂದು ಹಾಕಿದ ಸಿಸ್ಟಂ ಹೊತ್ತುಕೊಂಡು ಸುಮ್ಮನೆ ಕೂತಿತ್ತು. ದಾಖಲೆಗಳಿಗೆ ಬೇರೆಲ್ಲೂ ನಕಲು ಇರಲಿಲ್ಲ. ಅದು ಸರಿಯಲ್ಲವೆಂದು ಜಗಳವಾಡಿ ಒಪ್ಪಿಸಿದವಳು ನಾನೇ. ಎರಡನೆಯದನ್ನು ಪೂರ್ತಿ ಅಳಿಸಿ, ಹೊಸ ಸಿಸ್ಟಂ ಹಾಕಿ, ದಿನವೂ ಅದರಲ್ಲಿ ನಕಲು ಬೀಳುವಂತೆ ಮಾಡುವುದು ಅಂದಿನ ಕೆಲಸ.

ಆ ದಾಖಲೆ ಎಷ್ಟು ಮುಖ್ಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ದುಬಲಗುಂಡಿಯಿಂದ ಕೂಲಿ ಬಿಟ್ಟು ಮಗಳನ್ನು ಕರೆತರುವ ಕಸ್ತೂರಿಬಾಯಿ ಎಂಬ ಹೆಂಗಸಿದ್ದಾಳೆ. ಮಗಳು ಅಂಬಿಕಾಳಿಗೆ ಗುಂಪು ಹೊಂದಿದರೂ ಕೆಲವರ ರಕ್ತ ಒಗ್ಗುವುದಿಲ್ಲ. ಒಮ್ಮೆ ಅಂಥ ರಕ್ತ ಏರಿ ಮಗು ಕೈಬಿಟ್ಟು ಹೋಗುವಂತಾಗಿತ್ತಂತೆ. ಈ ಒಗ್ಗದಿರುವಿಕೆ ಎಷ್ಟೋ ಸಲ ಆ ಹೊತ್ತಿನ ಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಹಳೆಯ ದಾಖಲೆ ನೋಡಿಯೇ ಎಚ್ಚರ ವಹಿಸಬೇಕು. ಮರುದಿನ ಸೋಮವಾರ ಅಂಬಿಕಾಳ ಸರದಿ ಇತ್ತು.

ಭಾನುವಾರ ಕೇಂದ್ರಕ್ಕೆ ರಜೆ. ರಜಿಯಾ ಸಿಸ್ಟರ್ ಹತ್ತಿರದ ಕೊಹಿನೂರ ಹಳ್ಳಿಗೆ ಸಂಬಂಧಿಕರ ಮದುವೆಗೆ ಹೋಗಿದ್ದರು. ನೀವು ಬರುವುದೇನೂ ಬೇಡ, ಇಲ್ಲಿಂದಲೇ ಮುಗಿಸುತ್ತೇನೆ ಎಂದು ನಾನೇ ಹೇಳಿದ್ದೆ. ಊಟ ಮುಗಿಸಿ ಕುಳಿತೆ. ಎರಡನೇ ಯಂತ್ರದ ಪರದೆ ತೆರೆದು ನೋಡಿದೆ. ಲಾಗಿನ್ ಕೇಳುತ್ತ ನಿಂತಿತ್ತು. ಎರಡರಲ್ಲೂ ಒಂದೇ ತರಹದ ಸಿಸ್ಟಂ, ಒಂದೇ ತರಹದ ಪರದೆ. ಹೊಸ ಸಿಸ್ಟಮ್ಮಿನ ಕಡತ ಜೋಡಿಸಿ, ಡಿಸ್ಕು ಅಳಿಸುವ ಪುಟಕ್ಕೆ ಬಂದೆ. ‘ಖಚಿತವೇ?’ ಎಂದು ಕೇಳುವ ಹೊತ್ತಿಗೆ ನನ್ನ ಪರದೆಯ ಮೂಲೆಯಲ್ಲಿ ನೀಲಿ ದೀಪದ ಗುರುತು ಹೊತ್ತಿತು.

ಲಾಗ್ ನೋಡಿದೆ. ಮುಂಭಾಗದ ಗುಂಡಿ ಒತ್ತಲಾಗಿದೆ. ಯಾರೋ ಕಸ ಹೊಡೆಯಲು ಬಂದಿರಬೇಕೆಂದು ಇಲ್ಲಿಂದಲೇ ದೀಪ ಆರಿಸಿ ಮತ್ತೆ ಮುಂದುವರಿದೆ. ಅದೇ ಪುಟ, ಅದೇ ಪ್ರಶ್ನೆ, ಮತ್ತೆ ದೀಪ. ಮತ್ತೆ ಆರಿಸಿದೆ. ಮೂರನೇ ಸಲವೂ ಹಾಗೇ ಆಯಿತು. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಸಿಸ್ಟರ್‌ಗೆ ಫೋನ್ ಹಚ್ಚಿದೆ.

“ಸಿಸ್ಟರ್, ನಿಮ್ಮ ಮಶೀನ್ ರೂಮಿನ್ಯಾಗ ಯಾರ್ ಇದ್ದಾರ? ಸುಮ್ ಸುಮ್ನ ಗುಂಡಿ ಒತ್ತಾಕತ್ತಾರ.”

“ಯಾರಿರ್ತಾರ್ರಿ ಮೇಡಂ? ರೂಮಿಗಿ ಕೀಲಿ ಅದ. ಚಾವಿ ನನ್ನ ಬಲ್ಲಿ ಅದ. ಇನ್ನೊಂದು ಚಾವಿನೇ ಇಲ್ಲರಿ.”

ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟ ಒಂದು ನಿಯಮವಿದೆ. ಯಂತ್ರದ ಮೇಲೆ ಯಾರದಾದರೂ ಕೈ ಇದ್ದರೆ ಅಳಿಸುವ ಕೆಲಸಕ್ಕೆ ಹೋಗಬಾರದು. ಯಾರು ಯಾವ ವಯರು ಕೀಳುತ್ತಿದ್ದಾರೋ ಗೊತ್ತಿರುವುದಿಲ್ಲ. ಕಳ್ಳರೇ ಹೊಕ್ಕಿರಬಹುದು ಎಂದೂ ಅನ್ನಿಸಿತು. ಸಿಸ್ಟರ್‌ಗೂ ಬರಲು ಹೇಳಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಸಸ್ತಾಪುರ ಬಂಗ್ಲಾ ದಾಟಿ ಬಸವಕಲ್ಯಾಣ ಸೇರುವ ಹೊತ್ತಿಗೆ ಸಿಸ್ಟರ್ ಮದುವೆಯ ರೇಷ್ಮೆ ಸೀರೆಯಲ್ಲೇ ಬಂದು ಕೇಂದ್ರದ ಮುಂದೆ ನಿಂತಿದ್ದರು.

ಬಾಗಿಲ ಬೀಗ ಸರಿಯಾಗಿಯೇ ಇತ್ತು. ಅವರು ತೆಗೆದರು, ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಕಿಟಕಿ ಇಲ್ಲದ ಕೋಣೆ. ಎಸಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇಲಿ ಹೋಗಲು ಒಂದು ಸಂದಿಯೂ ಇರಲಿಲ್ಲ, ನಾನು ಮೊಣಕಾಲೂರಿ ಹುಡುಕಿದೆ. ಎರಡನೇ ಯಂತ್ರದ ನೀಲಿ ದೀಪ ಮಾತ್ರ ಹೊತ್ತಿಕೊಂಡಿತ್ತು.

ಆಗ ನನ್ನ ಕಣ್ಣು ಡಿಸ್ಕುಗಳ ಮೇಲೆ ಬಿತ್ತು. ಯಂತ್ರಗಳನ್ನು ಕೂರಿಸಿದ ದಿನ ನಾನೇ ಪ್ರತಿ ಡಿಸ್ಕಿಗೆ ಬಿಳಿ ಪಟ್ಟಿ ಅಂಟಿಸಿ ಅದು ಯಾವ ಯಂತ್ರದ್ದೆಂದು ಬರೆದಿದ್ದೆ. ಎರಡನೇ ಯಂತ್ರದಲ್ಲಿದ್ದ ಅಷ್ಟೂ ಡಿಸ್ಕುಗಳ ಮೇಲೆ ನನ್ನದೇ ಅಕ್ಷರದಲ್ಲಿ ‘ಒಂದು’ ಎಂದಿತ್ತು.

“ಅವನ್ನ ವಿಜಯಕುಮಾರ ಬದಲ್ ಮಾಡ್ಯಾನಲ್ರಿ ಮೇಡಂ,” ಎಂದರು ಸಿಸ್ಟರ್. “ನಿಮಗ ಫೋನ್ ಮಾಡ್ತೀನಂತ ಹೇಳಿದ್ದ. ಮಾಡಿಲ್ಲೇನು?”

ವಿಜಯಕುಮಾರ ಕೇಂದ್ರದ ಕರೆಂಟು, ಜನರೇಟರು ನೋಡಿಕೊಳ್ಳುವ ಹುಷಾರು ಮನುಷ್ಯ. ಫೋನಿನಲ್ಲಿ ಸಿಕ್ಕ.

“ಒಂದನೇದು ಭಾಳ ಗರಂ ಆಗಿ ಬಂದ್ ಬೀಳ್ತಿತ್ತರಿ ಮೇಡಂ. ಅದರ ಡಿಸ್ಕ್ ತೆಗದು ಎರಡನೇದರಾಗ ಹಾಕ್ದೆ, ಎರಡನೇದರವ ಅದಕ್ಕ ಹಾಕ್ದೆ. ಚಾಲೂ ಆತು, ಕೆಲಸ ನಡೀತು. ಮತ್ತ್ಯಾಕ ನಿಮಗ ತಕ್ಲೀಫ್ ಕೊಡೋದಂತ ಬಿಟ್ಟೆರಿ.”

ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಖಾಲಿ ಎಂದುಕೊಂಡು ನಾನು ಅಳಿಸಹೊರಟದ್ದು ಆ ಮಕ್ಕಳ ಇದ್ದೊಂದೇ ದಾಖಲೆ. ಸಿಸ್ಟರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನೀರು ಕೊಟ್ಟು, ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಅಂದರು: “ಬೇಟಾ, ನೀ ಹುಮನಾಬಾದದಾಗ ಕುಂತು ಇಲ್ಲಿ ಮಶೀನ್ ಬಂದ್ ಮಾಡ್ತಿ, ಚಾಲೂ ಮಾಡ್ತಿ. ಇಲ್ಲಿ ನಿಂತವರಿಗಿ ನಿನ್ನ ಕೈ ಕಾಣ್ತದೇನು? ಹಂಗೇ ಇನ್ನೊಬ್ಬರದೂ ಇರಬಹುದು.”

ಆ ಸಂಜೆ ಅಲ್ಲೇ ಕುಳಿತು ದಾಖಲೆಯ ನಕಲನ್ನು ನನ್ನ ಲ್ಯಾಪ್‌ಟಾಪಿಗೆ ತೆಗೆದೆ. ಆಮೇಲೆ ಮೊದಲನೇ ಯಂತ್ರ ಬಿಸಿಯಾಗದಂತೆ ಅದರ ಫ್ಯಾನಿನ ಧೂಳು ತೆಗೆದು, ಹೊಸ ಸಿಸ್ಟಂ ಹಾಕಿದೆ. ಈ ಸಲ ಯಾವ ದೀಪವೂ ಹೊತ್ತಲಿಲ್ಲ. ಕೊನೆಯ ಬಸ್ಸು ತಪ್ಪಿತು, ಸಿಸ್ಟರ್ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅಂಬಿಕಾಳಿಗೆಂದು ಬಂದ ರಕ್ತದ ಚೀಲ ಗುಂಪಿಗೆ ಸರಿಯಾಗಿ ಹೊಂದಿತ್ತು. ಸಿಸ್ಟರ್ ಅವಳ ದಾಖಲೆ ತೆರೆದು ನೋಡಿ, ಇದು ಬೇಡವೆಂದು ವಾಪಸು ಕಳಿಸಿ ಬೇರೆ ತರಿಸಿದರು.

ನಾನು ಅಷ್ಟಕ್ಕೇ ಸುಮ್ಮನಾಗುವವಳಲ್ಲ. ಗುಂಡಿ ಕೆಟ್ಟಿರಬೇಕೆಂದು ಪಟ್ಟು ಹಿಡಿದೆ. ಅದು ಸ್ವಲ್ಪ ಒಳಗೆ ಹುದುಗಿದ ಗುಂಡಿ, ಬೆರಳೂರಿ ಒತ್ತಿದರೆ ಮಾತ್ರ ಕೂರುತ್ತದೆ. ಕಂಪನಿಯವರನ್ನು ಕರೆಸಿ ಗುಂಡಿಯಿರುವ ಮುಂಭಾಗದ ಫಲಕವನ್ನೇ ಬದಲಿಸಿದೆ. ಹಳೆಯದನ್ನು ಕೇಳಿ ಪಡೆದು, ಮನೆಯಲ್ಲಿದ್ದ ಅಂಥದ್ದೇ ಯಂತ್ರಕ್ಕೆ ಹಾಕಿ ಒಂದು ಬೇಸಿಗೆ ಪೂರ್ತಿ ನಡೆಸಿದೆ. ಬಿಸಿ ಮಾಡಿ ನೋಡಿದೆ, ವೋಲ್ಟೇಜು ಏರಿಳಿಸಿ ನೋಡಿದೆ. ದೀಪ ಒಂದು ಸಲವೂ ತಾನಾಗಿ ಹೊತ್ತಲಿಲ್ಲ. ನನ್ನ ಪಾಸ್‌ವರ್ಡ್ ಕದ್ದು ಯಾರೋ ದೂರದಿಂದ ಆಟವಾಡಿದರೇ ಎಂದೂ ಶೋಧಿಸಿದೆ. ಹಾಗಿದ್ದರೆ ಲಾಗ್‌ನಲ್ಲಿ ನನ್ನ ಹೆಸರು ಬರಬೇಕಿತ್ತು, ಬಂದಿರಲಿಲ್ಲ. ಮನುಷ್ಯರ ಮಾತಿಗಿಂತ ಲಾಗ್ ನಂಬುವವಳು ನಾನು. ಆ ಲಾಗ್ ಇವತ್ತಿಗೂ ನನ್ನ ಹತ್ತಿರವಿದೆ, ಬೆರಳು ಒತ್ತಿತು ಎಂದೇ ಅದರ ಸಾಕ್ಷಿ.

ಅಂಬಿಕಾ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಕೇಂದ್ರಕ್ಕೆ ಹೋದಾಗಲೆಲ್ಲ ಕಸ್ತೂರಿಬಾಯಿ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಸಿಸ್ಟರ್ ಅವಳಿಗೆ ಏನು ಹೇಳಿದ್ದಾರೋ, ಮಗಳ ದಾಖಲೆ ಉಳಿಸಿದವಳು ನಾನೇ ಎಂದು ಅವಳ ನಂಬಿಕೆ. ಸುಳ್ಳು ಗೌರವ ಹೊತ್ತುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಹೋದ ತಿಂಗಳು ಕೂರಿಸಿಕೊಂಡು ಹೇಳಿಯೇಬಿಟ್ಟೆ: “ನಾ ಉಳಿಸಿಲ್ಲವ್ವಾ. ನಾ ಅಳಸಾಕ ಕುಂತಿದ್ದೆ.”

ಅವಳು ಕೈ ಬಿಡಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು: “ಮತ್ತ ಯಾರ್ರಿ ಅಕ್ಕೋರ?”