ಅಪ್ಪ ಕಂಡ ತೋಳ

ಶುಕ್ರವಾರವೆಂದರೆ ಅಪ್ಪ ಮನೆಯಲ್ಲಿ ಇಲ್ಲದ ದಿನ ಎಂದೇ ನಾನು ತಿಳಿದುಕೊಂಡಿದ್ದ ಕಾಲ ಅದು. ದೋಹಾದ ಉಳಿದ ಮಕ್ಕಳಿಗೆಲ್ಲ ವಾರವಿಡೀ ಕಾಣೆಯಾದ ಅಪ್ಪಂದಿರು ರಜೆಯ ದಿನವಾದ ಶುಕ್ರವಾರ ಸಿಗುತ್ತಿದ್ದರು. ಅಲ್ ಹಿಲಾಲ್‌ನಲ್ಲಿದ್ದ ನನ್ನ ಗೆಳತಿ ರೇಶ್ಮಾಳನ್ನು ಅವಳಪ್ಪ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ, ಸಂಜೆ ಕಡಲದಂಡೆಯ ಕಾರ್ನಿಷ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಭಾನುವಾರ ಶಾಲೆಯ ಬಸ್ಸಿನಲ್ಲಿ ಅವಳು ಅದನ್ನು ಬಣ್ಣಿಸತೊಡಗಿದರೆ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ. ಗಲ್ಫಿನಲ್ಲಿ ಬೆಳೆದವರಿಗೆ ಆ ಒಂದು ದಿನದ ಬೆಲೆ ನಾನು ಹೇಳಬೇಕಾಗಿಲ್ಲ.

ನನ್ನ ಅಪ್ಪ ವಾಮನ, ಕಾರ್ಕಳದ ಕಡೆಯವರು. ಮದೀನತ್ ಖಲೀಫಾದಲ್ಲಿ ಬೂ ನಾಸರ್ ಎಂಬ ಕತಾರಿ ಹಿರಿಯರ ಡ್ರೈವರಾಗಿದ್ದರು. ಅವರ ದೊಡ್ಡ ವಿಲ್ಲಾದ ಹಿಂದಿನ ಎರಡು ಕೋಣೆಗಳಲ್ಲಿ ನಾವಿದ್ದೆವು. ಡ್ರೈವರನ ಹೆಂಡತಿ ಮಕ್ಕಳಿಗೆ ವೀಸಾ ಸಿಗುವುದು ಸುಲಭವಲ್ಲ. ಬೂ ನಾಸರ್ ತಾವೇ ಕಚೇರಿ ಕಚೇರಿ ಅಲೆದು, ಅಮ್ಮನಿಗೆ ನರ್ಸರಿ ಶಾಲೆಯೊಂದರಲ್ಲಿ ಆಯಾ ಕೆಲಸ ಹುಡುಕಿಕೊಟ್ಟು, ನಮ್ಮನ್ನು ಕರೆಸಿಕೊಂಡಿದ್ದರು. ಆದ್ದರಿಂದ ಅವರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಒಂದು ಮಾತೂ ಆಡುವ ಹಾಗಿರಲಿಲ್ಲ. ನನ್ನ ಹೊಟ್ಟೆಕಿಚ್ಚನ್ನು ನಾನು ಬಾಯಿ ಮುಚ್ಚಿಕೊಂಡೇ ಉರಿಸಬೇಕಿತ್ತು.

ಬೂ ನಾಸರ್ ಬೇಟೆಯ ಹುಚ್ಚಿನವರು. ಚಳಿಗಾಲ ಬಂದರೆ ಪ್ರತಿ ಶುಕ್ರವಾರ ನಸುಕಿಗೇ ಅವರ ಲ್ಯಾಂಡ್ ಕ್ರೂಸರ್ ಸಲ್ವಾ ರಸ್ತೆ ಹಿಡಿದು ಸೌದಿ ಗಡಿಯ ಕಡೆ ಹೊರಡುತ್ತಿತ್ತು. ಅಲ್ಲಿ ಅವರ ಇಜ್ಬಾ ಇತ್ತು, ಅಂದರೆ ಮರಳುಗಾಡಿನ ನಡುವೆ ಬೇಲಿ ಹಾಕಿ ಆಡು, ಒಂಟೆ ಸಾಕುವ ಜಾಗ. ಹಿಂದಿನ ಸೀಟಿನಲ್ಲಿ ಚರ್ಮದ ಟೊಪ್ಪಿಗೆ ಹಾಕಿಸಿಕೊಂಡ, ಬೇಟೆಗೆ ಪಳಗಿಸಿದ ಅವರ ಡೇಗೆ ಹಕ್ಕಿ, ಅದರ ಪಕ್ಕದಲ್ಲಿ ಅವರ ಕಿರಿಯ ಮಗಳು ಮಹಾ, ಸ್ಟೇರಿಂಗ್ ಹಿಡಿದು ನನ್ನ ಅಪ್ಪ. ಮಹಾಳಿಗೂ ನನಗೂ ಒಂದೇ ವಯಸ್ಸು, ಹತ್ತು. ನಮ್ಮ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಾನು ಅವರು ಹೋಗುವುದನ್ನು ನೋಡುತ್ತಿದ್ದೆ. ಗೇಟಿನ ಬಳಿ ಅಪ್ಪ ಒಂದು ಮೊಣಕಾಲೂರಿ ಅವಳ ಶೂಗಳ ಲೇಸು ಕಟ್ಟುತ್ತಿದ್ದರು. ನನ್ನ ಲೇಸನ್ನು ನಾನೇ ಕಟ್ಟಿಕೊಳ್ಳಬೇಕಿತ್ತು.

ಶನಿವಾರ ಮಹಾ ಹಿತ್ತಲಿಗೆ ಬರುತ್ತಿದ್ದಳು. ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಅವಳ ಕೂದಲಿನಿಂದ ಊದಿನ ಪರಿಮಳದ ಜೊತೆಗೆ ಸೌದೆ ಹೊಗೆಯ ವಾಸನೆಯೂ ಬರುತ್ತಿತ್ತು. ಅಪ್ಪನ ಅಂಗಿಯಿಂದಲೂ ಬರುತ್ತಿದ್ದ ಅದೇ ಹೊಗೆ. "ನಿನ್ನೆ ವಮನ್ ನನಗೆ ಹಲ್ಲಿಯ ಬಿಲ ತೋರಿಸಿದ, ವಮನ್ ಬೂದಿಯಲ್ಲಿ ರೊಟ್ಟಿ ಸುಟ್ಟುಕೊಟ್ಟ" ಎಂದು ಅವಳು ಶುರುಮಾಡಿದರೆ ನನ್ನ ಬಿಲ್ಲೆ ಗುರಿ ತಪ್ಪುತ್ತಿತ್ತು. ವಾಮನ ಅವರ ಮನೆಯವರ ಬಾಯಲ್ಲಿ ವಮನ್ ಆಗಿದ್ದರು. ಒಂದು ದಿನ ನನ್ನ ಸರದಿ ಬಂದಾಗ ಅವಳು ಕೈಬೀಸಿ "ಬಲಾ, ಬಲಾ!" ಎಂದಳು. ತುಳುವಿನಲ್ಲಿ, ಬಾ ಎಂದು. ಅಪ್ಪ ಕಲಿಸಿದ್ದರಂತೆ. ಶುಕ್ರವಾರ ಹೋದದ್ದು ಸಾಲದೆ ಮನೆಯ ಮಾತೂ ಹೋಯಿತಲ್ಲ ಎಂದು ನಾನು ಆಟ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಬೋರಲು ಮಲಗಿ ಅತ್ತೆ.

"ಎಂಥ ಆಯ್ತು ಮಾರಾಯ್ತಿ?" ಎಂದು ಅಮ್ಮ ಕೇಳಿದರೆ "ಹೊಟ್ಟೆನೋವು" ಎಂದೆ. ಸುಳ್ಳೇನೂ ಅಲ್ಲ.

ಆ ವರ್ಷದ ಚಳಿಗಾಲದಲ್ಲಿ ಇಜ್ಬಾದಲ್ಲಿ ಎರಡು ಆಡುಗಳು ಸತ್ತವು. ಕುತ್ತಿಗೆ ಹರಿದು, ಹೊಟ್ಟೆ ಬಗೆದು ಬಿದ್ದಿದ್ದವು. ಬೀದಿನಾಯಿಗಳ ಕೆಲಸ ಎಂದು ಅಲ್ಲಿನ ಸುಡಾನಿ ಕುರುಬ ಹೇಳಿದ. ಸರ್ಕಾರದ ಪರಿಸರ ಇಲಾಖೆಯ ಒಬ್ಬ ಅಧಿಕಾರಿ ಬಂದು ಹೆಜ್ಜೆ ಅಳೆದು, ಫೋಟೋ ಹಿಡಿದು, ಇದು ತೋಳ, ಗಡಿಯಾಚೆಯಿಂದ ಬಂದಿರಬೇಕು, ಮುಟ್ಟಬೇಡಿ, ಬೇಲಿ ಗಟ್ಟಿಮಾಡಿಕೊಳ್ಳಿ ಎಂದು ಹೇಳಿಹೋದ.

ಬೂ ನಾಸರ್ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಕೂಗಾಡಿದ್ದು ನಮ್ಮ ಕೋಣೆಗೂ ಕೇಳಿಸಿತು. ಸಂಜೆ ಅಪ್ಪ ಚಹಾ ಕುಡಿಯುತ್ತ ಅದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದರು.

"ಅವರದ್ದೂ ತಪ್ಪಿಲ್ಲ. ಅವರ ಅಪ್ಪ ಒಂಟೆ ಮೇಲೆ ಹೋದರೆ ಒಂದು ಬೆಳಿಗ್ಗೆಗೆ ಆರು ಮೊಲ ತರ್ತಿದ್ರಂತೆ. ಈಗ ಇಡೀ ಚಳಿಗಾಲ ತಿರುಗಿದರೂ ಮೊಲದ ಒಂದು ಹಿಕ್ಕೆ ಕಾಣುದಿಲ್ಲ. ಕಂಡರೂ ಹಿಡಿಲಿಕ್ಕಿಲ್ಲ, ಕಾನೂನು. ಜಿಂಕೆ ಅಂತೂ ಬೇಲಿ ಒಳಗೆ ಮಾತ್ರ. ಡೇಗೆಗೆ ಪಾರಿವಾಳ ಹಾರಿಸಿ ಆಟ ಆಡಿಸುದು. 'ನನಗೆ ಮೊಲ ಮಾಫಿ, ಜಿಂಕೆ ಮಾಫಿ, ಎಲ್ಲ ಮಾಫಿ, ಏನೂ ಇಲ್ಲ. ತೋಳ ಮಾತ್ರ ನನ್ನ ಆಡನ್ನೇ ತಿನ್ನಬಹುದು, ಅದಕ್ಕೆ ಕಾವಲಿಗೆ ಸರ್ಕಾರ ಉಂಟು! ನಾನೂ ನಾಲ್ಕು ಕಾಲಲ್ಲಿ ಹುಟ್ಟಬೇಕಿತ್ತು' ಅಂತ ಹೇಳ್ತಿದ್ರು."

"ಕೋವಿ ಉಂಟಲ್ಲ ಅವರ ಹತ್ರ?" ಅಮ್ಮ ಕೇಳಿದಳು.

"ಉಂಟು, ಇಜ್ಬಾದಲ್ಲಿ. ಕಂಡರೆ ಖಲಾಸ್ ಅಂತಾರೆ. ಆಮೇಲೆ ಕೇಸು ಬಂದರೆ ಅವರು ದೊಡ್ಡವರು, ಹೇಗೋ ಆಗ್ತದೆ. ಗಾಡಿ ಬಿಟ್ಟವನ ಗತಿ?" ಅಪ್ಪ ಲೋಟ ಕೆಳಗಿಟ್ಟರು.

ಮುಂದಿನ ಶುಕ್ರವಾರ ನನ್ನ ಅದೃಷ್ಟದ ಬಾಗಿಲು ತೆರೆಯಿತು. ಮಹಾ ಅಲ್ ಅಜೀಜಿಯಾದ ಅತ್ತೆಯ ಮನೆಗೆ ಮದುವೆಗೆಂದು ಹೋಗಿದ್ದಳು. ಅಮ್ಮನಿಗೆ ನರ್ಸರಿಯಲ್ಲಿ ವಾರ್ಷಿಕೋತ್ಸವದ ಕೆಲಸ. ನನ್ನನ್ನು ಬಿಡಲು ಜಾಗವಿರಲಿಲ್ಲ. ಅಪ್ಪ ಅಳುಕುತ್ತ ಕೇಳಿದಾಗ ಬೂ ನಾಸರ್ ನನ್ನ ತಲೆ ಸವರಿ, "ಯಲ್ಲಾ, ಬರಲಿ" ಎಂದರು.

ದಾರಿಯಲ್ಲಿ ಗಾಡಿ ನಿಲ್ಲಿಸಿ ಕುಡಿಸಿದ ಏಲಕ್ಕಿಯ ಕರಕ್ ಚಹಾ, ಅದರಲ್ಲಿ ಅದ್ದಿ ತಿಂದ ಬಿಸಿ ಕುಬೂಸ್ ರೊಟ್ಟಿ ನೆನೆದರೆ ಈಗಲೂ ನಾಲಿಗೆ ಒದ್ದೆಯಾಗುತ್ತದೆ. ಪಕ್ಕದಲ್ಲಿ ಕೂತ ಡೇಗೆ ಗಾಡಿ ಕುಲುಕಿದಾಗೆಲ್ಲ ರೆಕ್ಕೆ ಬಿಚ್ಚಿ ನನ್ನ ಕೆನ್ನೆಗೆ ಗಾಳಿ ಹಾಕುತ್ತಿತ್ತು. ಹಿಂದಿನ ರಾತ್ರಿ ನಾಲ್ಕು ಹನಿ ಮಳೆ ಬಿದ್ದಿತ್ತು. ಒದ್ದೆ ಮರಳಿಗೆ ಹೊಸ ಮಡಕೆಯ ವಾಸನೆ ಇತ್ತು. ಮಹಾಳ ಸೀಟಿನಲ್ಲಿ ಕೂತ ನಾನು ಬೇಕೆಂದೇ ಶೂ ಲೇಸು ಬಿಚ್ಚಿಟ್ಟುಕೊಂಡಿದ್ದೆ. ಇಳಿಯುವಾಗ ಅಪ್ಪ ನೋಡಿದರು, ಮೊಣಕಾಲೂರಿದರು, ಕಟ್ಟಿದರು.

ಮಧ್ಯಾಹ್ನ ಊಟವಾಗಿ ಬೂ ನಾಸರ್ ಡೇರೆಯಲ್ಲಿ ಅಡ್ಡಾದರು. ಅಪ್ಪ ಮತ್ತು ನಾನು ಸೌದೆ ಆರಿಸಲು ಹೊರಟೆವು. ಸ್ವಲ್ಪ ದೂರದಲ್ಲಿ ಅಪ್ಪ ನಿಂತು ಬಗ್ಗಿದರು.

"ಅಚ್ಚು ಮಗಾ, ಈ ಹೆಜ್ಜೆ ನೋಡು. ನಾಯಿ ಆದರೆ ಸುಮ್ಮನೆ ಅಲ್ಲಿ ಇಲ್ಲಿ ಮೂಸಿಕೊಂಡು ಹೋಗ್ತದೆ. ಇದು ಸೀದಾ ಹೋಗಿದೆ, ಕೆಲಸ ಇದ್ದವರ ಹಾಗೆ. ಎದುರಿನ ಎಡಗಾಲು ಸರಿ ಊರುದಿಲ್ಲ, ಕಂಡಿತಾ?"

"ನಿಮಗೆ ಹೇಗೆ ಗೊತ್ತು ಅಪ್ಪ?"

"ನನ್ನ ಅಜ್ಜ ಹಂದಿ ಬೇಟೆಯವರು. ನಿನ್ನಷ್ಟಿರುವಾಗ ಅವರ ಹಿಂದೆ ಕಾಡಲ್ಲಿ ತಿರುಗಿದ್ದು."

ಅಪ್ಪನಿಗೆ ಒಬ್ಬ ಬೇಟೆಯ ಅಜ್ಜ ಇದ್ದರೆಂದು ನನಗೆ ಅಂದು ಗೊತ್ತಾಯಿತು. ಹೆಜ್ಜೆ ಹಿಡಿದು ಒಂದು ಕಲ್ಲುದಿಬ್ಬದ ಬುಡಕ್ಕೆ ಬಂದೆವು. ನೆಲ ಅಲ್ಲಿ ಬಟ್ಟಲಿನಂತೆ ತಗ್ಗಾಗಿ, ಮುಳ್ಳುಗಿಡಗಳು ಬೆಳೆದಿದ್ದವು. ಚಾಚಿದ ಸುಣ್ಣಕಲ್ಲಿನ ನೆರಳಲ್ಲಿ ಅದು ಮಲಗಿತ್ತು.

ಕತೆಯ ತೋಳದ ಹಾಗೆ ದೊಡ್ಡದಾಗಿರಲಿಲ್ಲ. ಬಡಕಲು, ಮರಳಿನದೇ ಬಣ್ಣ, ಮುಖಕ್ಕೆ ಮೀರಿದ ಕಿವಿಗಳು. ನಮ್ಮನ್ನು ಕಂಡು ಎದ್ದು ನಿಂತಿತು. ಎಡಗಾಲನ್ನು ಸ್ವಲ್ಪ ಎತ್ತಿಯೇ ಹಿಡಿದಿತ್ತು. ಹಳದಿ ಕಣ್ಣುಗಳಿಂದ ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ನೋಡಿತು. ಓಡಲಿಲ್ಲ. ಅಪ್ಪ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಹಾಗೇ ಹಿಂದೆ ಹಿಂದೆ ನಡೆದು ದಿಬ್ಬದ ಮರೆಗೆ ಬಂದಮೇಲೆ ಅವರ ಮುಖ ನೋಡಿದೆ. ಅಪ್ಪ ನಗುತ್ತಿದ್ದರು. ಹಾಗೆ ಹುಡುಗನಂತೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

"ಯಾರಿಗೂ ಹೇಳ್ಬಾರ್ದು ಅಚ್ಚು. ಗೊತ್ತಾದರೆ ಕೋವಿ ಬರ್ತದೆ. ಇದು ನಾವಿಬ್ಬರೇ ಕಂಡದ್ದು."

ನಾವಿಬ್ಬರೇ. ವಾರವಿಡೀ ಆ ಮಾತನ್ನು ಬಾಯಲ್ಲಿ ಪೆಪ್ಪರಮೆಂಟಿನಂತೆ ಚೀಪುತ್ತಿದ್ದೆ. ರೇಶ್ಮಾ ಕಾರ್ನಿಷ್‌ನ ಸುದ್ದಿ ತೆಗೆದಾಗ ಮೊದಲ ಸಲ ಕಿಟಕಿಯ ಕಡೆ ತಿರುಗಲಿಲ್ಲ.

ಗುರುವಾರ ಸಂಜೆ ಮಹಾ ಮದುವೆ ಮನೆಯಿಂದ ಮರಳಿದಳು. ಕೈತುಂಬ ಮದರಂಗಿ. ಹಿತ್ತಲಿಗೆ ಬಂದು ಅದನ್ನು ತೋರಿಸಿದಳು. ನಾನು ಇಜ್ಬಾಗೆ ಹೋಗಿದ್ದೆ ಎಂದೆ.

"ನಾನು ಇರಲಿಲ್ಲವಲ್ಲ, ಅದಕ್ಕೆ" ಎಂದಳು ಮಹಾ. ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದ್ದಷ್ಟೇ. "ನಾಳೆ ನಾನು ಹೋಗುತ್ತೇನೆ. ವಮನ್ ನನಗೆ ಹೆಜ್ಜೆ ಓದುವುದು ಕಲಿಸುತ್ತೇನೆ ಅಂದಿದ್ದಾನೆ."

ನನ್ನ ಕಿವಿ ಬಿಸಿಯಾಯಿತು. ಹೆಜ್ಜೆಯೂ ಇವಳಿಗೇ?

"ನೀನು ಏನು ಕಲಿತರೂ ಅಷ್ಟೆ" ಎಂದೆ. "ಅಪ್ಪ ನನಗೆ ತೋಳ ತೋರಿಸಿದ್ದಾರೆ. ನನಗೆ ಮಾತ್ರ. ಕಲ್ಲುದಿಬ್ಬದ ಹಿಂದೆ ಇದೆ. ಕುಂಟು ಕಾಲು."

ಅವಳ ಮುಖ ಸಪ್ಪಗಾಯಿತು. ನನ್ನ ಎದೆ ತಂಪಾಯಿತು, ಹೆಚ್ಚೆಂದರೆ ಐದು ನಿಮಿಷ.

ಮಹಾ ಊಟದ ಹೊತ್ತಿಗೆ ತಂದೆಗೆ ಹೇಳಿದಳು. ಅಲ್ಲಿ ಅವಳ ದೊಡ್ಡಪ್ಪನ ಮಕ್ಕಳೂ ಇದ್ದರು. ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಒಂದರ ಬದಲು ನಾಲ್ಕು ಗಾಡಿಗಳು ನಿಂತಿದ್ದವು. ಅಪ್ಪ ಕಿಟಕಿಯಲ್ಲಿದ್ದ ನನ್ನನ್ನು ನೋಡಿದರು. ಬೈಗುಳವಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೋಟದಲ್ಲಿ ಏನೂ ಇರಲಿಲ್ಲ.

ಅವರು ಮಧ್ಯಾಹ್ನಕ್ಕೇ ಮರಳಿದರು. ನಾನು ಒಣಗಲು ಹಾಕಿದ ಬೆಡ್‌ಶೀಟಿನ ಹಿಂದೆ ನಿಂತಿದ್ದೆ. ಅಂಗಳದಲ್ಲಿ ಬೂ ನಾಸರ್ ಮತ್ತು ಅಪ್ಪ ಇಬ್ಬರೇ. ಅವರು ಅಪ್ಪನೊಡನೆ ಮಾತಾಡುತ್ತಿದ್ದದ್ದು ಮುರುಕು ಹಿಂದಿಯಲ್ಲಿ, ನಡುನಡುವೆ ಅರಬ್ಬಿ. ನನಗೆ ಎಲ್ಲ ಅರ್ಥವಾಗುತ್ತಿತ್ತು.

"ಹುಡುಗರು ಹಾರ್ನ್ ಹೊಡೆದುಕೊಂಡು ಕಲ್ಲಿನ ಮೇಲೇ ಗಾಡಿ ಹತ್ತಿಸಿದರು. ಅದು ಮೊದಲೇ ಹೋಗಿಬಿಟ್ಟಿತ್ತು. ಗಡಿಯ ಕಡೆ ಹೆಜ್ಜೆ ಮಾತ್ರ ಇತ್ತು, ನೀನೇ ನೋಡಿದೆಯಲ್ಲ."

"ಹೌದು ಬಾಬಾ."

"ನನ್ನ ಕೋವಿ ಎಲ್ಲಿತ್ತು?"

ಅಪ್ಪ ಕೈಯಲ್ಲಿದ್ದ ಗಾಡಿಯ ಕೀಲಿ ನೋಡಿದರು.

"ಹೇಳು. ಎಲ್ಲಿತ್ತು?"

"ಇಜ್ಬಾದ ಪೆಟ್ಟಿಗೆಯಲ್ಲಿ. ನೀವು ತೆಗೆಯಲಿಲ್ಲ."

"ತೆಗೆಯಲಿಲ್ಲ. ನಾನು ನೋಡಲಿಕ್ಕೆ ಹೋದದ್ದು. ಚಿಕ್ಕವನಿದ್ದಾಗ ಅಪ್ಪನ ಮುಂದೆ ಒಂಟೆಯ ಮೇಲೆ ಕೂತು ಒಂದೇ ಸಲ ತೋಳ ನೋಡಿದ್ದೆ. ಆಮೇಲೆ ಇಲ್ಲ. ಎಷ್ಟು ಚಳಿಗಾಲ ಹೋಯಿತು! ಬಾಯಲ್ಲಿ ನಾನು ಏನೇನೋ ಹೇಳುತ್ತೇನೆ, ಕಾನೂನಿಗೆ ಬೈಯುತ್ತೇನೆ, ಸರ್ಕಾರಕ್ಕೆ ಬೈಯುತ್ತೇನೆ. ಹನ್ನೊಂದು ವರ್ಷ ನನ್ನ ಪಕ್ಕ ಕೂತವನು ನೀನು. ನನ್ನ ಬಾಯಿ ಯಾವುದು, ನಾನು ಯಾರು ಎಂದು ನಿನಗೆ ತಿಳಿಯಲಿಲ್ಲವೇ? ನನ್ನ ನೆಲದಲ್ಲಿ ತೋಳ ಬಂತು. ನೀನು ನೋಡಿದೆ. ನಿನ್ನ ಮಗಳೂ ನೋಡಿದಳು. ನಾನು ಮಾತ್ರ ನೋಡಲಿಲ್ಲ."

ಅಷ್ಟು ದೊಡ್ಡ ಮನುಷ್ಯನ ಬಾಯಿಂದ ಬಂದದ್ದು ನನ್ನದೇ ಹೊಟ್ಟೆಕಿಚ್ಚು. ಬೆಡ್‌ಶೀಟಿನ ಹಿಂದೆ ನಾನು ಅದನ್ನು ಗುರುತು ಹಿಡಿದೆ.

"ಮಾಫ್ ಮಾಡಿ ಬಾಬಾ. ಹೆದರಿಕೆ ಆಯಿತು" ಎಂದರು ಅಪ್ಪ.

"ಖಲಾಸ್ ವಮನ್. ಶುಕ್ರವಾರ ನೀನು ಮಗಳ ಜೊತೆ ಇರು."

ಕೆಲಸದಿಂದ ತೆಗೆಯಲಿಲ್ಲ. ಸಂಬಳ, ಮನೆ, ಹಬ್ಬಕ್ಕೆ ಬರುತ್ತಿದ್ದ ಮಜಬೂಸ್ ಅನ್ನದ ತಟ್ಟೆ ಎಲ್ಲ ಹಾಗೇ ಇತ್ತು. ಇಜ್ಬಾಗೆ ಗಾಡಿ ಓಡಿಸಲು ಮಾತ್ರ ಬೇರೊಬ್ಬ ಬಂದ. ಅಪ್ಪ ನನ್ನನ್ನು ಬೈಯಲಿಲ್ಲ. ಹೇಳಿದ್ದು ನೀನೇನಾ ಎಂದು ಕೇಳಲೂ ಇಲ್ಲ. ಅಪ್ಪನಿಗೆ ಯಾರೆಂದು ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು.

ಹೀಗೆ ನನಗೆ ಶುಕ್ರವಾರಗಳೆಲ್ಲ ಸಿಕ್ಕಿದವು. ರೇಶ್ಮಾಳ ಅಪ್ಪನಂತೆಯೇ ನನ್ನ ಅಪ್ಪನೂ ಮೀನು ಮಾರ್ಕೆಟ್ಟಿಗೆ, ಕಾರ್ನಿಷ್‌ಗೆ ಕರೆದುಕೊಂಡು ಹೋದರು, ಕಡಲೆಕಾಯಿ ಕೊಡಿಸಿದರು. ಬಸ್ಸಿನಲ್ಲಿ ಹೇಳಲು ನನ್ನಲ್ಲೂ ಸುದ್ದಿ ಇರುತ್ತಿತ್ತು. ಆದರೆ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕೂತ ಅಪ್ಪ ಎಷ್ಟೋ ಹೊತ್ತು ನೀರಿನ ಕಡೆಯೇ ನೋಡುತ್ತಿದ್ದರು. "ಮೊಲದ ಹೆಜ್ಜೆ ಹೇಗಿರ್ತದೆ ಅಪ್ಪ?" ಎಂದು ಒಮ್ಮೆ ಕೇಳಿದೆ. "ಅದೆಲ್ಲ ಯಾಕೆ ಈಗ, ತಿನ್ನು" ಎಂದು ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದರು.

ಮಹಾ ಕೆಲವು ವಾರ ಹಿತ್ತಲಿಗೆ ಬಂದಳು, ಆಮೇಲೆ ನಿಲ್ಲಿಸಿದಳು. ಕೆಲವು ವರ್ಷಗಳ ನಂತರ ಬೂ ನಾಸರ್ ತೀರಿಕೊಂಡರು. ಕೊನೆಯವರೆಗೂ ಅವರಿಗೆ ತೋಳ ಕಾಣಲಿಲ್ಲ.

ಈಗ ನಾನು ಇದೇ ದೋಹಾದಲ್ಲಿ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ನಮ್ಮ ಜೊತೆಗೇ ಇದ್ದಾರೆ. ಸಲ್ವಾ ರಸ್ತೆ ಎಷ್ಟೋ ಲೇನುಗಳ ಹೆದ್ದಾರಿಯಾಗಿದೆ. ಆ ದಿಬ್ಬ ಎಲ್ಲಿತ್ತೆಂದು ನಾನು ಎರಡು ಸಲ ಹುಡುಕಿದ್ದೇನೆ, ಸಿಗಲಿಲ್ಲ. ಆ ಪ್ರಾಣಿ ಗಡಿಯಾಚೆ ಬದುಕಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಾರದ್ದಾದರೂ ಅಪ್ಪ ಮಗಳ ಪಕ್ಕ ಬಗ್ಗಿ ನೆಲದ ಮೇಲೆ ಏನನ್ನಾದರೂ ತೋರಿಸುತ್ತಿದ್ದರೆ, ಅದು ಇರುವೆಯೇ ಆಗಿರಲಿ, ನನಗೆ ಈಗಲೂ ಹೊಟ್ಟೆಯೊಳಗೆ ಚುರುಕ್ಕೆನ್ನುತ್ತದೆ.

ಕಳೆದ ತಿಂಗಳು ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆ ಪ್ರಾಣಿಗಳ ಚಿತ್ರ ಅಂಟಿಸುತ್ತ ಅವಳ ಅರೆಬರೆ ಕನ್ನಡದಲ್ಲಿ ಕೇಳಿದಳು, "ಅಜ್ಜ, ಇಲ್ಲಿ ಕತಾರಲ್ಲಿ ವುಲ್ಫ್ ಇದೆಯಾ? ನೀವು ನೋಡಿದ್ದೀರಾ?"

ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ.

"ಇಲ್ಲ ಮಗಾ" ಎಂದರು ಅಪ್ಪ. "ಇಲ್ಲಿ ತೋಳ ಎಲ್ಲಿಂದ ಬರ್ಬೇಕು?"