ಗರಗಸನೂ ಅವನ ಅಕ್ಕನ ಜಿಗಿತವೂ

ಆ ಊರು ಎಷ್ಟು ದೊಡ್ಡದೆಂದರೆ, ಒಂದು ತುದಿಯಲ್ಲಿ ಕರಿಮೀಸೆ ಹೊತ್ತು ಬಸ್ಸು ಹತ್ತಿದವನು ಇನ್ನೊಂದು ತುದಿಯಲ್ಲಿ ಇಳಿಯುವಷ್ಟರಲ್ಲಿ ಮೀಸೆ ನರೆತಿರುತ್ತಿತ್ತು. ಅಂಥ ಊರಿನ ನರ್ತಕಿಯರೆಲ್ಲ ಹೆದರುತ್ತಿದ್ದುದು ಒಬ್ಬನೇ ಒಬ್ಬನಿಗೆ. ಪತ್ರಿಕೆಗೆ ನೃತ್ಯವಿಮರ್ಶೆ ಬರೆಯುತ್ತಿದ್ದ ಆ ಮನುಷ್ಯನನ್ನು ಎದುರಿಗೆ ‘ಸರ್’ ಎಂದೂ ಬೆನ್ನ ಹಿಂದೆ ‘ಗರಗಸ’ ಎಂದೂ ಕರೆಯುತ್ತಿದ್ದರು. ಅವನು ಕುಯ್ದು ಹಾಕಿದ ಬ್ಯಾಲೆಗಳ ಹೊಟ್ಟನ್ನು ರಾಶಿ ಮಾಡಿದ್ದರೆ ಊರಿಗೆಲ್ಲ ಚಳಿಗಾಲ ಕಳೆಯುವಷ್ಟು ಬೆಂಕಿಯಾಗುತ್ತಿತ್ತು. ಅವನ ವಿಮರ್ಶೆ ಓದಿದ ನರ್ತಕನೊಬ್ಬ ತಿಂಡಿಯನ್ನೂ ಮುಗಿಸದೆ ಎದ್ದು ಹಲ್ಲಿನ ಡಾಕ್ಟರಾಗಲು ಹೊರಟುಹೋದನಂತೆ.

ಗರಗಸನಿಗೊಂದು ಅಭ್ಯಾಸ. ರಂಗದ ಮೇಲೆ ಜಿಗಿತ ಶುರುವಾದರೆ ಸಾಕು, ಕಣ್ಣು ಮುಚ್ಚಿಬಿಡುತ್ತಿದ್ದ. “ಹಾರೋದೇನು, ಕಾಗೆನೂ ಹಾರುತ್ತೆ. ಇಳಿಯೋದು ವಿದ್ಯೆ. ಅದನ್ನ ಕಿವೀಲೇ ನೋಡಬೇಕು,” ಎನ್ನುತ್ತಿದ್ದ. ಅಕ್ಕಪಕ್ಕದವರು ನಿದ್ದೆ ಎಂದುಕೊಳ್ಳುತ್ತಿದ್ದರು. ಕೆಲವೊಮ್ಮೆ ಅದು ನಿದ್ದೆಯೂ ಆಗಿರುತ್ತಿತ್ತೆನ್ನಿ.

ಅವನಿಗೊಬ್ಬ ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಕುರ್ಚಿ ಸವೆಸಿ ನಿವೃತ್ತಳಾದ ಮರುವಾರವೇ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ಬ್ಯಾಲೆ ಕ್ಲಾಸಿಗೆ ಸೇರಿಕೊಂಡಳು. ಸಹಪಾಠಿಗಳಲ್ಲಿ ಅರ್ಧ ಜನಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಭಾವ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ.

“ಈ ವಯಸ್ಸಲ್ಲಿ ಮೂಳೆ ಮುರ್ಕೊಂಡ್ರೆ ಅಂಟಿಸೋರು ಯಾರೇ? ಸರಿ, ವಾರ್ಷಿಕ ಪ್ರದರ್ಶನ ಒಂದು ಆಗ್ಲಿ. ನಿನ್ನ ತಮ್ಮ ಪೇಪರಲ್ಲಿ ನಿನ್ನ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಬರೆದ್ರೆ ಕುಣೀತಾ ಇರು. ಇಲ್ಲಾಂದ್ರೆ ಆ ಬೂಟು ಅಟ್ಟಕ್ಕೆ,” ಎಂದ ಭಾವ. ಬಂಡೆ ಹಿಂಡಿ ಎಣ್ಣೆ ತೆಗೆ ಎಂದ ಹಾಗಾಯಿತು. ಆದರೂ ಅಕ್ಕ ಒಪ್ಪಿದಳು.

ಒಪ್ಪಿದವಳು ತಮ್ಮನ ಮನೆಗೆ ಬಂದು, ಷರತ್ತು ತಿಳಿಸಿ, ಬೆರಳೆತ್ತಿದಳು. “ಲೋ, ಅಕ್ಕ ಅಂತ ಸುಳ್ಳು ಬರೆದ್ಯೋ, ಹುಷಾರ್! ಸುಳ್ಳಿನ ಸರ್ಟಿಫಿಕೇಟ್ ಹಿಡ್ಕೊಂಡು ನಾನು ಕುಣಿಯಲ್ಲ.”

“ನಿಜ ಬರೆದು, ಅದು ಕೆಟ್ಟದಾಗಿದ್ರೆ?”

“ಅಟ್ಟಕ್ಕೆ ಏಣಿ ನೀನೇ ಹಿಡ್ಕೊ.”



ಪ್ರದರ್ಶನದ ಮಧ್ಯಾಹ್ನ ಶಾಲೆಯೊಂದರ ಸಭಾಂಗಣದಲ್ಲಿ ಅವನು ಭಾವನ ಪಕ್ಕದಲ್ಲಿ ಕೂತ. ಬೂದುಬಣ್ಣದ ಲಂಗ ತೊಟ್ಟ ಅಕ್ಕ, ಎಲ್ಲರೂ ಎಡಕ್ಕೆ ತಿರುಗಿದಾಗ ಬಲಕ್ಕೆ ತಿರುಗಿ ಒಂದು ಪುಟ್ಟ ಹುಡುಗಿಗೆ ಢಿಕ್ಕಿ ಹೊಡೆದಳು. ತೋಳುಗಳಂತೂ ಗಾಳಿಗೆ ಸಿಕ್ಕ ಒದ್ದೆ ಟವೆಲ್ಲುಗಳು. ಗರಗಸನ ಬೆನ್ನಲ್ಲಿ ಹರಿದ ಬೆವರಿಗೆ ದೋಣಿ ಬಿಡಬಹುದಿತ್ತು.

ಆಮೇಲೆ ಜಿಗಿತ. ಒಬ್ಬೊಬ್ಬರೇ ಜಿಗಿಯುತ್ತಾ ರಂಗವನ್ನು ದಾಟಬೇಕು. ಅವನು ಕಣ್ಣು ಮುಚ್ಚಿದ. ದಡ್! ದಡಾರ್! ಹಳೆಯ ಹಲಗೆಯ ನೆಲ. ಸಣ್ಣ ಮಕ್ಕಳು ಇಳಿದರೂ ಬೀರು ಉರುಳಿದಂಥ ಸದ್ದು. ಹೊರಗೆ ಮಲಗಿದ್ದ ನಾಯಿ ಎದ್ದು ಊರೇ ಬಿಟ್ಟಿತು. ಆಮೇಲೆ ಏನೂ ಇಲ್ಲ. ಅವನು ಕಾದ, ಕಾದ.

“ಭಾವ, ಅಕ್ಕ ಯಾವಾಗ ಹಾರ್ತಾಳೆ?” ಎಂದು ಪಿಸುಗುಟ್ಟಿದ.

“ಹಾರಿ ಆಯ್ತಲ್ಲಯ್ಯಾ! ಈ ಕಡೆಯಿಂದ ಆ ಕಡೆಗೆ ಹೋಗಿ ಪರದೆ ಹಿಂದೆ ನಿಂತಿದ್ದಾಳೆ. ನೀನು ಹಾಯಾಗಿ ನಿದ್ದೆ ಹೊಡೀತಿದ್ದೆ.”

“ನಿದ್ದೆ ಅಲ್ಲ ಭಾವ, ಎಚ್ಚರವಾಗೇ ಇದ್ದೆ. ಅವಳು ಇಳಿದದ್ದು ಕೇಳಿಸ್ಲೇ ಇಲ್ಲ!” ಎಂದ ಗರಗಸ.

“ಕಿವಿ ತೋರಿಸ್ಕೊ,” ಎಂದ ಭಾವ.

ವಿಮರ್ಶೆ ಅಚ್ಚಾದ ಬೆಳಿಗ್ಗೆ ಅಕ್ಕ ಗಟ್ಟಿಯಾಗಿ ಓದಿದಳು. ‘ಬೂದುಲಂಗದ ಹಿರಿಯ ನರ್ತಕಿಗೆ ಎಡಬಲ ತಿಳಿಯದು. ತೋಳುಗಳು ಒದ್ದೆ ಟವೆಲ್ಲು. ಆದರೆ ಅವರು ಜಿಗಿದು ಇಳಿದದ್ದು ನನಗೆ ಕೇಳಿಸಲಿಲ್ಲ. ಇಷ್ಟು ಮೆತ್ತಗೆ ಇಳಿಯುವವರು ಈ ಊರಿನ ದೊಡ್ಡ ರಂಗಮಂದಿರಗಳಲ್ಲೂ ಅಪರೂಪ.’

“ಟವೆಲ್ ಅಂದಿದ್ದಾನೆ ನೋಡು!” ಎಂದು ಭಾವ ಎದ್ದು ಕೂತ.

“ಅದು ನಿಜ ತಾನೇ? ಟವೆಲ್ ನಿಜ ಆದ್ರೆ ಆಮೇಲಿನದೂ ನಿಜ.”

“ಕೇಳಿಸಲಿಲ್ಲ ಅನ್ನೋದು ಒಳ್ಳೆ ಮಾತು ಹೇಗಾಗುತ್ತೇ?”

“ನಿಮ್ಮ ಗೊರಕೆ ಕೇಳಿಸದ ದಿನ ಬರ್ಲಿ, ಹೇಳ್ತೀನಿ.”

ಭಾವ ಪತ್ರಿಕೆ ಕಸಿದುಕೊಂಡು, ಗಡಿಯಾರ ನೋಡುವ ಭೂತಗನ್ನಡಿ ಹಿಡಿದು ಆ ಸಾಲುಗಳನ್ನು ತಾನೇ ಓದಿದ. ಮತ್ತೊಮ್ಮೆ ಓದಿದ. ಕೊನೆಗೆ ಭೂತಗನ್ನಡಿ ಕೆಳಗಿಟ್ಟು, ಊಟದ ಮೇಜಿನ ಒಂದು ತುದಿ ಹಿಡಿದು ಎತ್ತಿದ.

“ಇದನ್ನ ಗೋಡೆಗೆ ಸರಿಸೋಣ, ಬಾ. ತೋಳು ಚಾಚೋಕೆ ಜಾಗ ಬೇಡ್ವಾ?”

ಅಕ್ಕ ಇನ್ನೊಂದು ತುದಿ ಹಿಡಿದಳು.